ಹಿಮ್ಮಡಿಗೆ ಬಡಿತ

ನಮ್ಮ ಖಾನಾವಳಿ ಉಮರ್ಗಾದ ಬಸ್ ಸ್ಟ್ಯಾಂಡಿನ ಹತ್ತಿರ. ದಿನವಿಡೀ ನಿಂತು ಜೋಳದ ರೊಟ್ಟಿ ಬಡಿದು ಬಡಿದು ನನ್ನ ಎಡ ಹಿಮ್ಮಡಿ ಕೈಕೊಟ್ಟಿತು. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಜಾಲಿಮುಳ್ಳು ತುಳಿದ ಹಾಗೆ. ಆದರೆ ನನ್ನನ್ನು ಹೆಚ್ಚು ಉರಿಸಿದ್ದು ಆ ನೋವಲ್ಲ, ನಮ್ಮ ಅತ್ತೆ ಅದನ್ನು ನಂಬದೇ ಇದ್ದದ್ದು. ಅವರು ಬೀರಪ್ಪನ ಭಕ್ತೆ, ಕುರಿಗಳ ಹಿಂದೆ ನಡೆದೇ ಮುದುಕಿಯಾದವರು. "ಕುಣೀಲಾರದಾಕಿ ನೆಲ ಡೊಂಕು ಅಂದಳಂತ" ಎಂದು ಗಿರಾಕಿಗಳ ಎದುರಿಗೇ ಅಂದುಬಿಡುತ್ತಿದ್ದರು. ನೋವು ಹೋದರೆ ಹೋಗಲಿ, ಬಿಟ್ಟರೆ ಬಿಡಲಿ, ಆ ಬಾಯಿಂದ ಒಮ್ಮೆ ಖರೇ ಅನ್ನಿಸಬೇಕೆಂಬ ಹಟ ನನಗೆ.

ಉದ್ಗೀರಿಗೆ ಹಿಮ್ಮಡಿ ನೋವಿನ ಶಾಕ್ ವೇವ್ ಮಿಷಿನ್ ಬಂದಿದೆ ಎಂದು ಗೊತ್ತಾಯಿತು. ಹೊರಟೆ. ಅತ್ತೆಯೂ ಹೊರಟರು, ನನ್ನ ನಾಟಕ ಡಾಕ್ಟರ ಬಾಯಿಂದಲೇ ಬಯಲಾಗಲಿ ಅಂತ.

ದವಾಖಾನೆ ಸ್ಲ್ಯಾಬಿನ ಕಟ್ಟಡ. ಹಿಂದೆ ನಮ್ಮ ಸೀಮೆಯ ಊರೂರನ್ನೇ ಕೆಡವಿದ ಭೂಕಂಪದಲ್ಲಿ ತವರುಮನೆ ಕುಸಿದಂದಿನಿಂದ ಅತ್ತೆ ಭಾರದ ಸೂರಿನ ಕೆಳಗೆ ಕಾಲಿಟ್ಟವರಲ್ಲ. ನಮ್ಮ ಮನೆಗೆ ಇಂದಿಗೂ ತಗಡು. ಎದುರಿನ ಬೇವಿನ ಮರದ ಕೆಳಗೆ ಕೂತು, "ನೀ ಹೋಗು, ನಾ ಇಲ್ಲೇ ಇರ್ತೀನಿ" ಅಂದರು.

ಡಾಕ್ಟರ್ ನನ್ನನ್ನು ಬೋರಲು ಮಲಗಿಸಿ ಹಿಮ್ಮಡಿಗೆ ತಣ್ಣನೆಯ ಜೆಲ್ ಸವರಿದರು. ಕಚಗುಳಿಯಾಗಿ ಕಿಸಕ್ಕೆಂದು ನಕ್ಕೆ. ಶಾಕ್ ಅಂದರೆ ಕರೆಂಟೇನೋ ಎಂದು ಹೆದರಿದ್ದೆ. ಕರೆಂಟಲ್ಲ, ಟಾರ್ಚಿನಂಥ ಹಿಡಿಕೆ ಒತ್ತಿ ಹಿಡಿದು ಟಕಟಕಟಕ ಬಡಿತ. ಯವ್ವಾ! ನಾನು ಇಷ್ಟು ವರ್ಷ ಬಡಿದ ರೊಟ್ಟಿಗಳೆಲ್ಲ ಕೂಡಿ ಸೇಡು ತೀರಿಸಿಕೊಂಡವು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ನನ್ನ ಮಂಚ ಪ್ಲೈವುಡ್ಡಿನ ಗೋಡೆಗೆ ತಾಗಿತ್ತು. ಗೋಡೆಯಾಚೆ ಸರದಿಗೆ ಕಾಯುವವರ ಬೆಂಚು. ಬಡಿತಕ್ಕೆ ಮಂಚ ಗೋಡೆಗೆ ಗುದ್ದಿ ಬೆಂಚು ನಡುಗಿತು, ಗೋಡೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಗಣಗಣ ಅಂದವು. ನಮ್ಮ ಕಡೆ ಪಾತ್ರೆಗಳು ತಾವಾಗಿ ಸದ್ದು ಮಾಡಿದರೆ ಯಾಕೆಂದು ಯಾರೂ ಕೇಳುವುದಿಲ್ಲ, ಮೊದಲು ಬಯಲಿಗೆ ಓಡುತ್ತಾರೆ. "ಭೂಕಂಪ! ಪಳಾ, ಪಳಾ!" ಎಂದು ಯಾರೋ ಮರಾಠಿಯಲ್ಲಿ ಕೂಗಿದ್ದೇ ತಡ, ಊರುಗೋಲಿನವರು ಊರುಗೋಲು ಬಿಟ್ಟು ಓಡಿದರು. ಸೊಂಟ ಹಿಡಿದುಕೊಂಡಿದೆ ಎಂದು ನರಳುತ್ತಿದ್ದವರು ಎಲ್ಲರಿಗಿಂತ ಮುಂದೆ. ಡಾಕ್ಟರೂ ನಮ್ಮ ಕಡೆಯವರೇ ತಾನೇ, ಹಿಡಿಕೆ ಕೈಬಿಟ್ಟು ಅವರೂ ಓಟ ಕಿತ್ತರು. ಇದು ಮಿಷಿನ್ನಿನ ಕೆಲಸವೆಂದು ಗೊತ್ತಿದ್ದವಳು ನಾನೊಬ್ಬಳೇ. ಹೊಟ್ಟೆ ಹುಣ್ಣಾಗುವಂತೆ ನಗುತ್ತ ಮಂಚದ ಮೇಲೆ ಹೊರಳಾಡಿದೆ.

ಅಷ್ಟರಲ್ಲಿ, ಹೊರಗೆ ಓಡುವವರನ್ನೆಲ್ಲ ದಬ್ಬಿಕೊಂಡು ಒಬ್ಬರು ಒಳಗೆ ನುಗ್ಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ನಮ್ಮ ಅತ್ತೆ! ಹೊರಬಂದವರಲ್ಲಿ ಸೊಸೆ ಕಾಣಲಿಲ್ಲವೆಂದು ಬಂದಿದ್ದರು.

"ಏ ಹುಚ್ಚಿ, ಏಳು! ಸಾಯೋ ಹೊತ್ತಿನ್ಯಾಗ ನಗಲಿಕತ್ತೀ?" ಎಂದು ರಟ್ಟೆ ಹಿಡಿದು ಎಳೆದರು. ಹಿಮ್ಮಡಿ ನೆಲಕ್ಕೆ ತಾಗಿದ್ದೇ ಕಿಟಾರನೆ ಕಿರುಚಿದೆ. ಅತ್ತೆ ಅಲ್ಲೇ ನಿಂತುಬಿಟ್ಟರು. ನನ್ನ ಮುಖ ನೋಡಿದರು, ಕಾಲು ನೋಡಿದರು.

"ಅತ್ತಿ, ಭೂಕಂಪ ಅಲ್ರೀ, ಮಿಷಿನ್ ರೀ" ಅಂದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ನಾಚಿಕೊಂಡು ಮರಳಿ ಬಂದ ಡಾಕ್ಟರ್, "ಆಜಿ, ಇನ್ನೂ ಸ್ವಲ್ಪ ಬಡೀಬೇಕು, ನೀವು ಹೊರಗ ಕುಂದರ್ರಿ" ಅಂದರು.

ಅತ್ತೆ ತಲೆ ಎತ್ತಿ ಸ್ಲ್ಯಾಬ್ ನೋಡಿದರು. ಸ್ಟೂಲ್ ಎಳೆದುಕೊಂಡು ಮಂಚಕ್ಕೆ ಅಂಟಿ ಕೂತು, ಎರಡೂ ಕೈಗಳಿಂದ ನನ್ನ ಕಾಲು ಹಿಡಿದುಕೊಂಡರು.

"ಖರೇನೇ ನೋವ್ ಅದ ಇಕಿಗೆ. ನಾ ಹಿಡೀತೀನಿ, ನೀವು ಬಡೀರಿ," ಅಂದರು. "ಮೆಲ್ಲಕ ಬಡೀರಿ."