ಕಂಪ್ಲಿಗೆ ಒಯ್ದ ಗ್ರಾಫೈಟ್ ಹಾಳೆ

ಬೆಂಗಳೂರಿನ ರೈಲು ಹೊಸಪೇಟೆ ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಎಂಬತ್ತರ ದಶಕದ ಮಧ್ಯದ ಒಂದು ಮಳೆಗಾಲ. ಆಕಾಶದ ತುಂಬ ಮೋಡ, ಹನಿ ಮಾತ್ರ ಇಲ್ಲ. ನನ್ನ ಚೀಲದಲ್ಲಿ ಎರಡು ರಟ್ಟಿನ ನಡುವೆ ಪುಸ್ತಕದಗಲದ ಗ್ರಾಫೈಟ್ ಹಾಳೆಯೊಂದಿತ್ತು. ಅದನ್ನು ಕಂಪ್ಲಿಯ ಶಾರದೆಗೆ ತೋರಿಸಬೇಕು, ಸಾಧ್ಯವಾದರೆ ಅವಳನ್ನು ಪ್ರಯೋಗಾಲಯಕ್ಕೆ ವಾಪಸ್ ಕರೆತರಬೇಕು. ನಾನು ಹೊರಟದ್ದು ಇಷ್ಟಕ್ಕೇ.

ನಾವಿಬ್ಬರೂ ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದವರು. ಗ್ರಾಫೈಟ್ ಚಕ್ಕೆಗಳನ್ನು ಆಮ್ಲದಲ್ಲಿ ನೆನೆಸಿದರೆ ಆಮ್ಲ ಅವುಗಳ ಪದರಗಳ ನಡುವೆ ಹೊಕ್ಕು ಕೂರುತ್ತದೆ. ತೊಳೆದು, ಒಣಗಿಸಿ, ಚೆನ್ನಾಗಿ ಕಾದ ಕುಲುಮೆಗೆ ಹಾಕಿದರೆ ಚಕ್ಕೆ ಮಂಡಕ್ಕಿಯಂತೆ ಅರಳುತ್ತದೆ. ಅದನ್ನು ಅಂಟಿಲ್ಲದೆ ಒತ್ತಿದರೆ ಹಾಳೆ. ಬಾಯ್ಲರ್ ಪೈಪುಗಳ ಜೋಡಣೆಯಲ್ಲಿ ಹಬೆ ಸೋರದಂತೆ ಇಡಲು ಅದು ಬೇಕಿತ್ತು. ಮಾಡಿದ ಪ್ರತಿ ಹಾಳೆಯನ್ನೂ ಎರಡಾಗಿ ಕತ್ತರಿಸುತ್ತಿದ್ದೆವು: ಅರ್ಧ ಮಾಡಿದವಳಿಗೆ, ಅರ್ಧ ತಪ್ಪು ಹುಡುಕುವವಳಿಗೆ. ಶಾರದೆ ಮದುವೆಯಾಗಿ ಹೋದ ಮೇಲೆ ನಾನು ಕತ್ತರಿಸುವುದನ್ನೇ ಬಿಟ್ಟೆ. ಹುಡುಕುವವರು ಇರಲಿಲ್ಲ, ತಪ್ಪುಗಳು ಮಾತ್ರ ಧಾರಾಳವಾಗಿದ್ದವು.

ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಬಜ್ಜಿ ತಿಂದು ಕಂಪ್ಲಿ ಬಸ್ಸು ಹತ್ತಿದೆ. ಮೂವತ್ತು ಕಿಲೋಮೀಟರಿಗೆ ಮೂರು ರೂಪಾಯಿ. "ಹಂಪಿ ನೋಡಾಕ ಬಂದೀರೇನ್ರಿ?" ಎಂದ ಕಂಡಕ್ಟರ್. ಅಲ್ಲ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಕಮಲಾಪುರ ದಾಟಿದ ಮೇಲೆ ಬಾಳೆ, ಕಬ್ಬು, ಕಾಲುವೆ ನೀರು ನಿಂತ ಗದ್ದೆಗಳು.

ಕಂಪ್ಲಿಯಲ್ಲಿ ಇಳಿದು ಅವಳ ಮನೆಯಲ್ಲಿ ಕೇಳಿದರೆ ಗದ್ದೆಗೆ ಹೋಗಿದ್ದಾಳೆಂದರು. ಅಲ್ಲಿಗೇ ಹೋದೆ. ಶಾರದೆ ಸೀರೆ ಎತ್ತಿ ಕಟ್ಟಿ, ನಾಟಿ ಮಾಡುವವರಿಗೆ ಸಸಿ ಕೊಡುತ್ತಿದ್ದಳು.

"ಏ ಕಮಲಾ! ಒಂದ್ ಕಾಗದ ಹಾಕಬಾರದೇನ? ಬಾ, ಕುಂದ್ರು."

ಹಾಳೆ ಕೊಟ್ಟೆ. ಕೈ ಒರೆಸಿಕೊಂಡು ನೋಡಿದಳು. ಮೇಲೆಲ್ಲ ಗುಳ್ಳೆಗಳಿದ್ದವು, ತುಸು ಬಗ್ಗಿಸಿದ್ದೇ ಪದರ ಬಿಟ್ಟಿತು.

"ಒಂದ ಸಲಕ್ಕ ಜೋರು ಒತ್ತೀದಿ, ಹೌದಿಲ್ಲ?"

"ಹೌದು."

"ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು? ಮೊದ್ಲು ಹಗೂರಕ ಒತ್ತು, ಗಾಳಿ ಹೋಗ್ಲಿ. ಜೋರು ಆಮ್ಯಾಲೆ. ನಿಂದು ಯಾವಾಗ್ಲೂ ಭಾಳ ಅವಸರ."

ಎಂಟು ತಿಂಗಳ ತಲೆನೋವು ಒಂದು ನಿಮಿಷದಲ್ಲಿ ಮುಗಿಯಿತು. ಆದರೂ ಸಂತೋಷವಾಗಲಿಲ್ಲ, ನನಗೆ ಬೇಕಾಗಿದ್ದುದು ಉತ್ತರವಲ್ಲ, ಅವಳು. "ವಾಪಸ್ ಬಾ ಶಾರದಾ, ನಿನ್ನ ಜಾಗ ಹಾಗೇ ಇದೆ" ಎಂದೆ.

ಅವಳು ಗದ್ದೆಯ ಕಡೆ ನೋಡಿದಳು. "ಕಾಲುವಿಗೆ ನೀರು ಬಿಟ್ಟಾರ, ನಾಟಿ ಮುಗೀಬೇಕು. ಅದು ಮುಗಿದ್ರ ಇನ್ನೊಂದು. ಬರಾಕ ಆಗಂಗಿಲ್ಲ. ಮತ್ತ ಕೇಳಬ್ಯಾಡ."

ಮತ್ತೆ ಕೇಳಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮಧ್ಯಾಹ್ನದ ಬಸ್ಸಿಗೆ ಬಿಡಲು ಬಂದವಳು, ಹತ್ತುವಾಗ ರಟ್ಟಿನ ಕಟ್ಟನ್ನು ನನ್ನ ಕೈಗಿಟ್ಟಳು. ದಾರದಿಂದ ಬಿಗಿಯಾಗಿ ಕಟ್ಟಿದ್ದಳು.

ಬಸ್ಸು ಹೊರಟಾಗ ಬಿಚ್ಚಿದೆ. ಒಳಗಿದ್ದದ್ದು ಅರ್ಧ ಹಾಳೆ, ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದು. ಹಿಂದಿನ ಕಿಟಕಿಯಿಂದ ನೋಡಿದೆ. ಶಾರದೆ ಇನ್ನೂ ರಸ್ತೆಯಲ್ಲೇ ನಿಂತಿದ್ದಳು. ಉಳಿದರ್ಧವನ್ನು ಕಣ್ಣ ಹತ್ತಿರ ಹಿಡಿದು ತಪ್ಪು ಹುಡುಕುತ್ತಿದ್ದಳು.