ಮೂರು ಸಲ ಹಾಡುವ ರೆಕಾರ್ಡು

ಬೈಲಹೊಂಗಲದ ಪೇಟೆಯಲ್ಲಿ ನನ್ನ ಟೇಲರ್ ಅಂಗಡಿ, ಗೋಡೆಯಾಚೆ ಮೆಹಬೂಬಸಾಬನದು. ಮೊದಲು ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು ಈಗ ಮಂದಿಯ ಹಳೆಯ ಹಾಡಿನ ರೆಕಾರ್ಡುಗಳನ್ನು ತೊಳೆದುಕೊಡುತ್ತಾನೆ. ಇದೂ ಒಂದು ಧಂದೆಯೇ ಎಂದು ನಕ್ಕವರಲ್ಲಿ ನಾನೇ ಮೊದಲಿಗ. ಹಳೆಯದಕ್ಕೆ ಹುಚ್ಚು ಹಿಡಿದ ಕಾಲ ಇದು. ಪುಣೆಯಿಂದಲೂ ಅವನಿಗೆ ಪಾರ್ಸೆಲ್ ಬರುತ್ತವೆ.

ಅವನಿಗೆ ಎರಡು ಜಂಬ. ತಾನು ತೊಳೆದದ್ದರಲ್ಲಿ ಕೊಳೆ ಉಳಿಯುವುದಿಲ್ಲ. ಒಬ್ಬರ ರೆಕಾರ್ಡು ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಮೈಕ್ ಸೆಟ್ಟಿನ ಕಾಲದಿಂದ ಹಿಡಿದು ನಲವತ್ತು ವರ್ಷದಲ್ಲಿ ಒಮ್ಮೆಯೂ ಯಾರ ಸಾಮಾನೂ ಅದಲುಬದಲು ಆಗಿಲ್ಲ ಎಂಬುದನ್ನು ಚಹಾ ಕುಡಿದಾಗಲೆಲ್ಲ ಹೇಳಿ ನನ್ನ ತಲೆ ತಿಂದಿದ್ದಾನೆ.

ಹೋದ ವರ್ಷ ಅವನ ಮಗ ಆಸೀಮ ಒಂದು ಮಷೀನು ತರಿಸಿದ. ಅದು ರೆಕಾರ್ಡನ್ನು ತಿರುಗಿಸುತ್ತಾ ತೊಳೆದು, ಕೊಳೆನೀರನ್ನು ತಾನೇ ಹೀರಿಕೊಳ್ಳುತ್ತದೆ. ಮೆಹಬೂಬಸಾಬ ಅದರ ಮುಂದೆ ಹೊಸ ಸೊಸೆಯ ಅಡುಗೆ ನೋಡುವ ಅತ್ತೆಯ ಹಾಗೆ ನಿಲ್ಲುತ್ತಿದ್ದ. ಮಷೀನು ಬಿಟ್ಟ ಕೊಳೆ ಸಿಕ್ಕಿತೋ, ಅವನಿಗೆ ಹಬ್ಬ.

ಅಂಥ ಹಬ್ಬ ತಂದವನು ಸಿರಸಂಗಿಯ ಶಂಕ್ರೆಪ್ಪ. ತೀರಿಹೋದ ಅವನ ತಂದೆ ಹೆಸರಾದ ಭಜನೆ ಹಾಡುಗಾರ. ಮನೆಯಲ್ಲಿ ಉಳಿದಿದ್ದು ತಂದೆ ಹಾಡಿದ ಒಂದೇ ರೆಕಾರ್ಡು. ಪ್ರತಿ ದಸರೆಗೆ ಅದಕ್ಕೂ ನೀರಲ್ಲಿ ಕಲಸಿದ ವಿಭೂತಿ ಹಚ್ಚಿ ಪೂಜೆ ಮಾಡಿ, ಹಾಡಿನ ಗೆರೆಗಳಲ್ಲಿ ವಿಭೂತಿ ಕಲ್ಲಾಗಿ ಕೂತಿತ್ತು. ನಡುವಿನ ಹೆಸರಿನ ಚೀಟಿಯಂತೂ ಎಂದೋ ಅಳಿಸಿಹೋಗಿತ್ತು. ಮಷೀನು ಎರಡು ಸಲ ಸೋತಿತು. ಮೆಹಬೂಬಸಾಬ ಅಂಟವಾಳಕಾಯಿ ನೊರೆ ಮಾಡಿ, ಮೆತ್ತನೆಯ ಬ್ರಷ್ ಹಿಡಿದು ಇಡೀ ದಿನ ತಿಕ್ಕಿದ. ರೆಕಾರ್ಡು ಕನ್ನಡಿಯಾಯಿತು. ನನ್ನನ್ನೂ ಆಸೀಮನನ್ನೂ ಕರೆಕರೆದು ತೋರಿಸಿದ.

ನಾಲ್ಕೇ ದಿನಕ್ಕೆ ಶಂಕ್ರೆಪ್ಪ ಸಿಟ್ಟಾಗಿ ಬಂದ. ಇದು ತನ್ನದಲ್ಲ, ಬೇರೆ ಯಾರದೋ ಕೊಟ್ಟಿದ್ದೀರಿ ಎಂದ.

“ನಮ್ಮಪ್ಪ ‘ಗುರುವೇ’ ಅಂತ ಮೂರು ಸಲ ಅಂತಿದ್ದ. ಇದರಾಗ ಒಮ್ಮೆ ಅಂದು ಮುಂದ ಹೊಂಟಾನ.”

ಊರಿನ ಭಜನಾ ಮೇಳವೂ ಅಲ್ಲಿ ಮೂರು ಸಲವೇ ಹಾಡುತ್ತದಂತೆ. ಮಕ್ಕಳಿಗೂ ಹಾಗೇ ಕಲಿಸಿದ್ದಾರಂತೆ. ವಿಭೂತಿಗೆ ರೆಕಾರ್ಡಿನ ಮುಳ್ಳು ಎಡವಿ ಎರಡು ಸಲ ಹಿಂದಿನ ಗೆರೆಗೆ ಬೀಳುತ್ತಿತ್ತು, ಆಮೇಲೆ ದಾಟುತ್ತಿತ್ತು, ಅಷ್ಟೇ ಎಂದು ಮೆಹಬೂಬಸಾಬ ತಿಳಿಸಿ ಹೇಳಿದ. ಶಂಕ್ರೆಪ್ಪ ರೆಕಾರ್ಡನ್ನು ಅವನ ಮುಂದೆ ಸರಿಸಿದ.

“ಹಂಗಾರ ನಾವು ಇಷ್ಟು ವರ್ಷ ಹಾಡಿದ್ದು ಹೊಲಸೇನ್ರಿ? ನಮ್ಮಪ್ಪನ್ನ ನನಗ ತಿರಗಿ ಕೊಡ್ರಿ.”

ನನ್ನ ಪಿತ್ತ ನೆತ್ತಿಗೇರಿತ್ತು. ಹೊರಗೆ ಹಾಕು ಎಂದು ಸನ್ನೆ ಮಾಡಿದೆ. ಮೆಹಬೂಬಸಾಬ ಆ ಹೊಳೆಯುವ ರೆಕಾರ್ಡನ್ನು ಕೈಗೆ ತೆಗೆದುಕೊಂಡ.

“ತಪ್ಪಾತ್ರಿ. ಅದಲುಬದಲ ಆಗೇತಿ. ನಾಡದು ಬರ್ರಿ, ನಿಮ್ಮದು ಹುಡುಕಿ ಇಡತೇನಿ.”

ನಲವತ್ತು ವರ್ಷದ ಜಂಬ ಅಲ್ಲಿಗೆ ಮುಗಿಯಿತು. ಶಂಕ್ರೆಪ್ಪ ರೆಕಾರ್ಡು ಬಿಟ್ಟು ಹೋದ ಮೇಲೆ ಮೆಹಬೂಬಸಾಬ ನನ್ನ ಅಂಗಡಿಗೆ ಬಂದು ಒಂದು ಚೂರು ವಿಭೂತಿ ಕೇಳಿದ. ಜಾಲಿ ಅಂಟಿನಲ್ಲಿ ಕಲಸಿ, ಭೂತಗನ್ನಡಿ ಹಿಡಿದು, ಕಡ್ಡಿಯ ತುದಿಯಿಂದ ಅದೇ ಗೆರೆಗೆ ಇಟ್ಟ. ಮೊದಲು ಮುಳ್ಳು ಅಲ್ಲೇ ಸಿಕ್ಕಿಕೊಂಡಿತು. ತೊಳೆದು ಮತ್ತೆ ಇಟ್ಟ, ಮುಳ್ಳು ಮುಂದಕ್ಕೆ ಹಾರಿಹೋಯಿತು. ಎರಡನೇ ದಿನ ಸಂಜೆ ಸರಿಯಾಗಿ ಮೂರು ಸಲ ‘ಗುರುವೇ’ ಎಂದಿತು. ಈ ಕೆಲಸಕ್ಕೆ ಇನ್ನೂ ಮಷೀನು ಬಂದಿಲ್ಲ ಎಂದು ಆಸೀಮ ಒಪ್ಪಿಕೊಂಡ.

ಮರುದಿನ ಶಂಕ್ರೆಪ್ಪ ಕಣ್ಣು ಮುಚ್ಚಿ ಕೇಳಿದ. ಮೂರನೆಯ ‘ಗುರುವೇ’ಗೆ ಅವನ ಕೆನ್ನೆ ಒದ್ದೆಯಾಗಿತ್ತು.

“ಇದು ನಮ್ಮಪ್ಪ. ಎಷ್ಟು ಸ್ವಚ್ಛ ತೊಳದೀರಿ, ಸಾಬ್ರ. ಆದ್ರ ಇನ್ನೊಮ್ಮೆ ಯಾರದೂ ಅದಲುಬದಲ ಮಾಡಬ್ಯಾಡ್ರಿ.”

ಇಲ್ಲರಿ ಎಂದು ಮೆಹಬೂಬಸಾಬ ಕೈ ಮುಗಿದ. ಅವನ ಉಗುರಿನ ಸಂದಿಯಲ್ಲಿ ನನ್ನ ಅಂಗಡಿಯ ವಿಭೂತಿ ಇನ್ನೂ ಉಳಿದಿತ್ತು.