ಒಂದೇ ಅಡ್ಡಗೆರೆ
ಯಲಹಂಕದ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಗಣಿತ ಕಲಿಸುವ ರತ್ನಪ್ರಭಾ ಮೇಡಂ ಹಂತಗಳಿಲ್ಲದ ಉತ್ತರಕ್ಕೆ ಅಂಕ ಕೊಟ್ಟವರಲ್ಲ. “ಉತ್ತರ ಸರಿ ಇದೆಯಲ್ಲ ಮೇಡಂ?” ಎಂದು ಯಾರಾದರೂ ವಾದಕ್ಕಿಳಿದರೆ, “ಪುಸ್ತಕದ ಕೊನೇಲೂ ಸರಿ ಉತ್ತರ ಇದೆ ಕಣಪ್ಪ, ಅದಕ್ಕೂ ಮಾರ್ಕ್ಸ್ ಕೊಡ್ಲಾ?” ಎನ್ನುತ್ತಾರೆ. ತಡವಾಗಿ ಬಂದವರು ಹೆಬ್ಬಾಳದ ಜಾಮ್ ಎಂದು ರಾಗ ತೆಗೆಯುವ ಮೊದಲೇ, “ಆ ಜಾಮ್ ನೀವು ಹುಟ್ಟೋಕ್ ಮುಂಚೇನೂ ಇತ್ತು, ಬೇಗ ಹೊರಡ್ಬೇಕು” ಎಂದು ಬಾಯಿ ಮುಚ್ಚಿಸುತ್ತಾರೆ. ವೈರಲ್ ಜ್ವರವೆಂದ ಡಾಕ್ಟರನ್ನೂ “ಹೇಗೆ ಗೊತ್ತಾಯ್ತು, ಒಂದೊಂದಾಗಿ ಹೇಳಿ” ಎಂದು ಕೇಳಿದವರು ಅವರು. ಉತ್ತರಪತ್ರಿಕೆಯಲ್ಲಿ ತಪ್ಪೆನಿಸಿದ್ದನ್ನು ಗೀಚಿ ಕಪ್ಪು ಮಾಡಬಾರದು, ಒಂದೇ ಅಡ್ಡಗೆರೆ ಎಳೆಯಬೇಕು ಎಂಬ ಅವರ ನಿಯಮವನ್ನು ಮಕ್ಕಳು ಬರೀ ಅಚ್ಚುಕಟ್ಟಿನ ಹುಚ್ಚೆಂದು ನಗುತ್ತಾರೆ. ಹೊಡೆದುಹಾಕಿದ್ದನ್ನೂ ಮೇಡಂ ಕೂತು ಓದುತ್ತಾರೆಂಬುದು ಅವರಿಗೆ ತಿಳಿಯದು. ಹೆದರಿದವರು ಸರಿಯಾದುದನ್ನೇ ಮೊದಲು ಹೊಡೆದುಹಾಕುತ್ತಾರೆಂಬುದು ಮೇಡಂ ಅನುಭವ. ಈ ಸಲ ಅಲ್ಲಾಳಸಂದ್ರದ ಮಧುಶ್ರೀಗೆ ಗಣಿತವೊಂದೇ ಬಾಕಿಯಿತ್ತು. ಮತ್ತೆ ಫೇಲಾದರೆ ಪದವಿಯೇ ಕೈತಪ್ಪುತ್ತಿತ್ತು. ಆ ಹುಡುಗಿ ದೊಡ್ಡ ಲೆಕ್ಕವನ್ನು ಸರಿಯಾಗಿಯೇ ಬಿಡಿಸಿ, ಉತ್ತರ ಸೊಟ್ಟ ಭಿನ್ನರಾಶಿಯಾಗಿ ಬಂತಲ್ಲ ಎಂದು ಗಾಬರಿಯಾಗಿ ಅಡ್ಡಗೆರೆ ಎಳೆದಿದ್ದಳು. ಮೇಡಂ ಪೂರ್ತಿ ಓದಿ ಪೂರ್ತಿ ಅಂಕ ಕೊಟ್ಟರು. “ನೀವು ಪಾಸ್ ಮಾಡಿದ್ರಿ, ಇಲ್ದಿದ್ರೆ ನನ್ ಕತೆ ಮುಗೀತಿತ್ತು ಮೇಡಂ” ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ಬಂದಾಗ, “ನಾನೇನ್ ಮಾಡ್ದೆ? ಲೆಕ್ಕ ಮಾಡಿದ್ದು ನೀನೇ ಕಣೇ. ನೀನ್ ನಂಬ್ಲಿಲ್ಲ, ನಾನ್ ನಂಬ್ದೆ” ಎಂದು ಗದರಿದರು.